ಹುಲ್ಲುಗಾವಲು: ಒಂದು ಪದದ ಹಿಂದಿನ ಇತಿಹಾಸ

ಸವನ್ನಾ, ಸ್ಟೆಪ್ಪೀಸ್, ಪ್ರೇರಿ, ಪಂಪಾಸ್ – ಶಾಲೆಯಲ್ಲಿ ಭೂಗೋಳ ಪಾಠ ಮಾಡುವಾಗ ಇವೆಲ್ಲಕ್ಕೂ ನಾವು ಬಳಸುತ್ತಿದ್ದ ಕನ್ನಡ ಪದ ಒಂದೇ: ಹುಲ್ಲುಗಾವಲು. ಹುಲ್ಲು + ಕಾವಲು = ಹುಲ್ಲುಗಾವಲು, ಆದೇಶ ಸಂಧಿ ಎಂದು ವ್ಯಾಕರಣದ ತರಗತಿಯಲ್ಲೂ ಇದು ಬರುತ್ತಿತ್ತು. ಆದರೆ ಈ ಎರಡು ಪಾಠಗಳ ನಡುವೆ ಒಂದು ಇತಿಹಾಸದ ಪಾಠವೂ ಅಡಗಿದೆ.

'ಕಾ' ಎಂಬ ಧಾತುವಿಗೆ ರಕ್ಷಿಸು ಎಂದರ್ಥ. ಕಾವಲುಗಾರ, ಕಾಪಾಡು ಎಂಬ ಮಾತುಗಳೂ ಇದೇ ಕುಲದವು. ಆದ್ದರಿಂದ ಕಾವಲು ಎಂದರೆ ಹುಲ್ಲು ತಾನಾಗಿ ಬೆಳೆದ ಬಯಲು ಮಾತ್ರವಲ್ಲ, ಕಾಯ್ದಿಟ್ಟ ಬಯಲು. ಊರಿನ ದನಗಳಿಗೆಲ್ಲ ಮುಕ್ತವಾಗಿದ್ದ ಗೋಮಾಳಕ್ಕೂ ಕಾವಲಿಗೂ ಇದ್ದ ವ್ಯತ್ಯಾಸ ಇದೇ.

ಮೈಸೂರನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಗೋಸಂಪತ್ತಿಗಾಗಿ 'ಬೆಣ್ಣೆ ಚಾವಡಿ'ಯನ್ನು ವ್ಯವಸ್ಥೆಗೊಳಿಸಿ, ರಾಜ್ಯದ ನಾನಾ ಕಡೆ ಕಾವಲುಗಳನ್ನು ಮೀಸಲಿಟ್ಟರು. ಹೈದರಾಲಿಯ ಕಾಲದಲ್ಲಿ ಈ ಎತ್ತುಗಳು ಫಿರಂಗಿ ಎಳೆದವು. ಟಿಪ್ಪು ಸುಲ್ತಾನ್ ಇಲಾಖೆಗೆ 'ಅಮೃತ ಮಹಲ್' ಎಂದು ಹೆಸರಿಟ್ಟ. ತಳಿಗೂ ಅದೇ ಹೆಸರು ಉಳಿಯಿತು. ಬೇಸಿಗೆ, ಮಳೆ, ಚಳಿ – ಮೂರು ಕಾಲಕ್ಕೂ ಬೇರೆ ಬೇರೆ ಕಾವಲುಗಳಿದ್ದವು. ಒಂದರಲ್ಲಿ ಮಂದೆ ಮೇಯುವಾಗ ಇನ್ನೊಂದರ ಹುಲ್ಲು ಚಿಗುರುತ್ತಿತ್ತು.

1799ರ ಬಳಿಕ ಮಂದೆಗಳು ಬ್ರಿಟಿಷರ ವಶವಾದವು. ಖರ್ಚು ಉಳಿಸಲೆಂದು 1860ರಲ್ಲಿ ಅವರು ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟರು. ಸೇನೆಗೆ ಒಳ್ಳೆಯ ಎತ್ತುಗಳು ಸಿಗದಾದಾಗ 1866ರಲ್ಲಿ ಮತ್ತೆ ಆರಂಭಿಸಬೇಕಾಯಿತು.

ಇಂದು ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು ಸೀಮೆಯ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳು ಕಾಣಸಿಗುತ್ತವೆ. ಬೆಂಗಳೂರಿನ ಕಾವಲ್ ಬೈರಸಂದ್ರದಲ್ಲಾದರೋ ಹೆಸರು ಉಳಿದಿದೆ, ಹುಲ್ಲಿಲ್ಲ. ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಅಲ್ಲಿ ಕುರಿ-ದನ ಮೇಯಿಸುತ್ತಿದ್ದ ಹಳ್ಳಿಗರು ನ್ಯಾಯಕ್ಕಾಗಿ ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು.

ದೇಶಕ್ಕೆ ವಿಜ್ಞಾನವೂ ಬೇಕು, ರಕ್ಷಣೆಯೂ ಬೇಕು. ಅದರಲ್ಲಿ ಎರಡು ಮಾತಿಲ್ಲ. ನನ್ನ ಆಕ್ಷೇಪಣೆ ಬೇರೆ. ಮರವಿಲ್ಲದ, ಉಳುಮೆಯಿಲ್ಲದ ನೆಲವನ್ನು ಕಂಡೊಡನೆ 'ಬಂಜರು', 'ಪಾಳು' ಎನ್ನುವ ರೂಢಿ ನಮ್ಮಲ್ಲಿ ಬೆಳೆದಿದೆ. ಪಾಳು ಎಂದ ಮೇಲೆ ಅದನ್ನು ಯಾರಿಗೆ ಕೊಟ್ಟರೂ ನಷ್ಟವಿಲ್ಲವೆಂದು ತೋರುತ್ತದೆ. ಅದೇ ನೆಲವನ್ನು ನಮ್ಮ ಹಿರಿಯರು ಕಾವಲು ಎಂದು ಕರೆದರು. ಆ ಪದದಲ್ಲಿ ಹುಲ್ಲಿನ ಬೆಲೆಯೂ ಇದೆ, ಅದನ್ನು ಕಾಯಬೇಕೆಂಬ ಕರ್ತವ್ಯವೂ ಇದೆ.