ಒಂದೇ ಪುಟದಲ್ಲಿ ರೇಖೆ, ಬಣ್ಣ, ಛಾಯಾಚಿತ್ರ

ಚಿತ್ರಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುವುದು ನಮಗೆ ಹೊಸದಲ್ಲ. ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಗೋಡೆಯಲ್ಲಿ 140 ಶಿಲ್ಪಫಲಕಗಳಿವೆ. ದಕ್ಷಿಣದ 70ರಲ್ಲಿ ರಾಮಾಯಣ; ಉತ್ತರದ 25ರಲ್ಲಿ ಕೃಷ್ಣಕಥೆ, 45ರಲ್ಲಿ ಮಹಾಭಾರತ. ನಾವು ನಡೆದಂತೆ ಕಥೆಯೂ ನಡೆಯುತ್ತದೆ. ಆದರೆ ಮಾಧ್ಯಮ ಒಂದೇ, ಕಲ್ಲು.

ಅಚ್ಚಿನ ಚಿತ್ರಕಥೆಯೂ ಬಹುಕಾಲ ಹೆಚ್ಚಾಗಿ ಒಂದೇ ಬಗೆಯದಾಗಿತ್ತು. ಘಟ್ಟದ ಕೆಳಗಿನ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ಯನ್ನು ನೆನೆಯಿರಿ: ಕಪ್ಪು ರೇಖೆ, ಅದರೊಳಗೆ ತುಂಬಿದ ಬಣ್ಣ. ಇದಕ್ಕೆ ಕಲಾವಿದರ ಅಭಿರುಚಿಯೊಂದೇ ಕಾರಣವಲ್ಲ. ಗೆರೆಯನ್ನು ಅಚ್ಚು ಮಾಡುವುದು ಸುಲಭ, ಅಗ್ಗ. ಛಾಯಾಚಿತ್ರದ ನಸುಬೆಳಕು, ನಸುನೆರಳುಗಳನ್ನು ಮಾತ್ರ ಸಣ್ಣ ಚುಕ್ಕೆಗಳಾಗಿ ಒಡೆಯಬೇಕು. ಬಣ್ಣಗಳನ್ನು ಬೇರೆ ಬೇರೆಯಾಗಿ ಬಿಡಿಸಿಕೊಳ್ಳಬೇಕು.

ಈ ತಂತ್ರ ಸುಧಾರಿಸಿದಂತೆ ಪುಟವೂ ಬದಲಾಯಿತು. 1989ರ ‘ಆರ್ಕಮ್ ಅಸೈಲಮ್’ ಗ್ರಾಫಿಕ್ ಕಾದಂಬರಿಯಲ್ಲಿ ಡೇವ್ ಮೆಕೀನ್ ವರ್ಣಚಿತ್ರ, ಛಾಯಾಚಿತ್ರ, ಅಂಟುಚಿತ್ರಗಳನ್ನು ಬೆರೆಸಿದರು. ಭಾರತದಲ್ಲಿ ಸಾರನಾಥ ಬ್ಯಾನರ್ಜಿಯವರ ‘ಕಾರಿಡಾರ್’ (2004) ರೇಖೆಯ ಜೊತೆಗೆ ಛಾಯಾಚಿತ್ರವನ್ನೂ ಬಳಸಿತು.

ಇದು ಬರೀ ಅಲಂಕಾರವೇ? ಅಲ್ಲ. ಛಾಯಾಚಿತ್ರ ‘ಇದು ಕ್ಯಾಮೆರಾದ ಎದುರಿಗಿತ್ತು’ ಎನ್ನುತ್ತದೆ. ರೇಖೆ ‘ನನಗೆ ಹೀಗೆ ಕಂಡಿತು’ ಎನ್ನುತ್ತದೆ. ಎರಡೂ ಒಂದೇ ಪುಟದಲ್ಲಿದ್ದಾಗ ಯಾವುದನ್ನು ಎಷ್ಟು ನಂಬಬೇಕೆಂದು ಓದುಗನೇ ತೂಗಿ ನೋಡಬೇಕು. ಕಲ್ಪನೆಗೆ ಸತ್ಯದ ಮುಖವಾಡ ತೊಡಿಸುವ ಅಪಾಯವೂ ಇಲ್ಲೇ ಇದೆ. ದೂರದರ್ಶನದಲ್ಲಿ ದುಡಿಯುವ ನಮಗೂ ಈ ಎಚ್ಚರ ಬೇಕು.

ಮೂಡಿಗೆರೆಯಲ್ಲಿ ಬಾಳಿದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಗ್ರಾಫಿಕ್ ಕಾದಂಬರಿಕಾರರಲ್ಲ. ಆದರೆ ಈ ಬೆರಕೆಗೆ ಬೇಕಾದುದೆಲ್ಲ ಅವರೊಬ್ಬರಲ್ಲೇ ಇತ್ತು. ಕಾಫಿ ಬೆಳೆಯುತ್ತಲೇ ಅವರು ಕಥೆ ಬರೆದರು, ಬಣ್ಣದಲ್ಲಿ ಚಿತ್ರಿಸಿದರು, ಹಕ್ಕಿಗಳಿಗಾಗಿ ಕಾದು ಕುಳಿತು ಛಾಯಾಚಿತ್ರ ತೆಗೆದರು. ಅವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಕಾಡೆಲ್ಲ ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ತೇಲಿಹೋಗುತ್ತದೆ. ಅಂಥ ಕಥೆಗೆ ಕಾಡಿನ ಛಾಯಾಚಿತ್ರವೂ ಬೇಕು, ಕೈಗೆ ಸಿಗದ ಓತಿಗೆ ರೇಖೆಯೂ ಬೇಕು.

ನೀವೂ ಒಮ್ಮೆ ಪ್ರಯತ್ನಿಸಿ. ನಿಮ್ಮೂರಿನ ತೋಟದ್ದೋ ಹಳ್ಳದ್ದೋ ಒಂದು ಛಾಯಾಚಿತ್ರವನ್ನು ಹಾಳೆಗೆ ಅಂಟಿಸಿ. ಅಲ್ಲಿ ಹಿಂದೆ ಇದ್ದು ಈಗ ಇಲ್ಲದ ಮರವನ್ನೋ ಹಕ್ಕಿಯನ್ನೋ ಹಿರಿಯರನ್ನು ಕೇಳಿ ತಿಳಿದು, ಅದರ ಮೇಲೆ ಬಿಡಿಸಿ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ನೋಡಿದವರಿಗೆ ತಿಳಿಯುವಂತಿರಲಿ.