ಎಂಡೋಸಲ್ಫಾನ್ ಮತ್ತು ಗರ್ಭಸ್ಥ ಶಿಶು

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಸುತ್ತಲಿನ ಹಳ್ಳಿಗಳ ಹುಟ್ಟುವ ಮಕ್ಕಳನ್ನೂ ತಟ್ಟಿತು ಎಂಬುದು ಈ ಪ್ರಕರಣದ ತಿರುಳು. ಹುಟ್ಟಿನಿಂದಲೇ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರ ಇರುವ ಮಕ್ಕಳು ಒಂದೇ ಊರಿನ ಮನೆಮನೆಯಲ್ಲಿ ಕಾಣಿಸಿಕೊಂಡಾಗ ಇದು ಬೆಳಕಿಗೆ ಬಂತು.

ಎಂಡೋಸಲ್ಫಾನ್ 1950ರ ದಶಕದಲ್ಲಿ ಬಳಕೆಗೆ ಬಂದ, ಕ್ಲೋರಿನ್ ಇರುವ ಕೀಟನಾಶಕ. ಗೇರಿನ ಚಿಗುರು ಮತ್ತು ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ ಇದನ್ನು ಹೆಲಿಕಾಪ್ಟರ್‌ನಿಂದ ಸಿಂಪಡಿಸಿತು. ಕಾಸರಗೋಡಿನಲ್ಲಿ ಅದರ ತೋಟಗಳ ವಿಸ್ತಾರ ಸುಮಾರು 4,700 ಹೆಕ್ಟೇರ್. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಮುತ್ತ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ ಇದೇ ದಾರಿ ಹಿಡಿಯಿತು. ತೋಟಗಳಿರುವುದು ಗುಡ್ಡದ ಮೇಲೆ, ಮನೆಗಳಿರುವುದು ತಪ್ಪಲಲ್ಲಿ. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಕಡೆ ಕುಡಿಯುವ ನೀರು ಅದೇ ಗುಡ್ಡದೊಳಗೆ ಕೊರೆದ ಸುರಂಗಗಳಿಂದ, ಅಲ್ಲಿಂದಿಳಿವ ತೋಡುಗಳಿಂದ ಬರುತ್ತದೆ. ಗಾಳಿಗೆ ತೇಲಿದ ವಿಷವೂ ಮಳೆಗೆ ಕೊಚ್ಚಿ ಬಂದ ವಿಷವೂ ಊರಿಗೇ ಇಳಿದವು.

ಮೊದಲ ಸುಳಿವು ಸಿಕ್ಕಿದ್ದು ಹಟ್ಟಿಯಲ್ಲಿ. ಕಾಲು ತಿರುಚಿಕೊಂಡು ಹುಟ್ಟುತ್ತಿದ್ದ ಕರುಗಳ ಬಗ್ಗೆ ಕೃಷಿ ಪತ್ರಕರ್ತ ಶ್ರೀ ಪಡ್ರೆ 1980ರ ಆಸುಪಾಸಿನಲ್ಲೇ ಬರೆದರು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಅಸಹಜತೆ ಗುರುತಿಸಿ ವರ್ಷಗಟ್ಟಲೆ ದಾಖಲಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದಿಂದ ಸಿಂಪಡಣೆಗೆ ತಾತ್ಕಾಲಿಕ ತಡೆ ತಂದರು.

ಗರ್ಭಧಾರಣೆಯ ನಂತರದ ಮೂರರಿಂದ ಎಂಟನೆಯ ವಾರದೊಳಗೆ ಭ್ರೂಣದ ಹೃದಯ, ಕೈಕಾಲು, ಮುಖ ರೂಪುಗೊಳ್ಳುತ್ತವೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ತಾವು ಬಸುರಿಯೆಂದೇ ಖಚಿತವಾಗಿರುವುದಿಲ್ಲ. ಮಿದುಳಿನ ಬೆಳವಣಿಗೆಯಂತೂ ಹೆರಿಗೆಯ ನಂತರವೂ ನಿಲ್ಲುವುದಿಲ್ಲ. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುವಾದ್ದರಿಂದ ಎಂಡೋಸಲ್ಫಾನ್‌ಗೆ ಮಾಸು ತಡೆಯಾಗದು, ಎದೆಹಾಲಿಗೂ ಅದು ಸೇರುತ್ತದೆ. ನರಕೋಶಗಳ ಉದ್ರೇಕವನ್ನು ಹಿಡಿತದಲ್ಲಿಡುವ ಗ್ಯಾಬಾ ವ್ಯವಸ್ಥೆಯನ್ನು ತಡೆಯುವುದರಿಂದ ಸೆಳೆತ ಬರುತ್ತದೆ. ಹಾರ್ಮೋನುಗಳ ಕೆಲಸಕ್ಕೂ ಅಡ್ಡಿಯಾಗುತ್ತದೆ. ಗಬ್ಬದ ಇಲಿಗಳಿಗೆ ತಿನ್ನಿಸಿದಾಗ ಹುಟ್ಟಿದ ಗಂಡು ಮರಿಗಳಲ್ಲಿ ವೀರ್ಯಾಣು ಉತ್ಪತ್ತಿ ಕುಗ್ಗಿದ್ದು ಕಂಡುಬಂದಿದೆ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 10ರಿಂದ 19 ವಯಸ್ಸಿನ 117 ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ವೃಷಣ ಕೆಳಗಿಳಿಯುವುದಕ್ಕೆ ಸಂಬಂಧಿಸಿದ ಜನ್ಮಜಾತ ದೋಷಗಳು ಅವರಲ್ಲಿ ಶೇ 5.1, ಇನ್ನೊಂದು ಊರಿನಲ್ಲಿ ಶೇ 1.1, ಆದರೆ ಸಂಖ್ಯಾಶಾಸ್ತ್ರದ ಪ್ರಕಾರ ಈ ಅಂತರ ನಿರ್ಣಾಯಕವಾಗಲಿಲ್ಲ. ಕೇಂದ್ರ ನೇಮಿಸಿದ ಒ.ಪಿ. ದುಬೆ ಸಮಿತಿ ಕಾಯಿಲೆಗಳಿಗೂ ಎಂಡೋಸಲ್ಫಾನ್‌ಗೂ ನಂಟಿಲ್ಲವೆಂದಿತು. ಒಂದೊಂದು ಮಗುವಿನ ವೈಕಲ್ಯಕ್ಕೂ ಇದೇ ಕಾರಣವೆಂದು ತೋರಿಸುವುದು ನಿಜಕ್ಕೂ ಕಷ್ಟ: ತಾಯಿಯ ರಕ್ತದಿಂದ ವಿಷ ಬೇಗನೆ ಕಡಿಮೆಯಾಗುತ್ತದೆ, ಭ್ರೂಣಕ್ಕಾದ ಹಾನಿ ಉಳಿಯುತ್ತದೆ. ಬಸುರಿಯರ ರಕ್ತವನ್ನು ಸಿಂಪಡಣೆಯ ಕಾಲದಲ್ಲೇ ಪರೀಕ್ಷಿಸಬೇಕಿತ್ತು. ಆ ಪುರಾವೆ ಇಲ್ಲದ್ದು ತಾಯಂದಿರ ತಪ್ಪಲ್ಲ. ಅದನ್ನು ಅವರಿಂದ ಕೇಳುವುದು ಅನ್ಯಾಯ.

ಕರ್ನಾಟಕ 2011ರ ಫೆಬ್ರುವರಿಯಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ಏಪ್ರಿಲ್‌ನಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಾಗತಿಕ ನಿಷೇಧಕ್ಕೆ ಒಪ್ಪಿದವು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ 2017ರ ಜನವರಿಯಲ್ಲಿ ಕೇರಳಕ್ಕೆ ಆದೇಶಿಸಿತು. ದಕ್ಷಿಣ ಕನ್ನಡದಲ್ಲಿ ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಸಂಜೆಯಾದರೆ ಆರೈಕೆ ಮತ್ತೆ ಮನೆಯವರದೇ. ಮಕ್ಕಳು ದೊಡ್ಡವರಾಗಿ, ಎತ್ತಿ ಕೂರಿಸುವ ಹೆತ್ತವರಿಗೆ ವಯಸ್ಸಾಗುತ್ತಿರುವುದರಿಂದ ಶಾಶ್ವತ ವಸತಿ ಪುನರ್ವಸತಿ ಕೇಂದ್ರ ಬೇಕೆಂಬುದು ಈ ಕುಟುಂಬಗಳ ಮುಖ್ಯ ಬೇಡಿಕೆ.