ಕ್ಯಾಮೆರಾದ ಹಿಂದೆ ಪಾತ್ರೆ ತೊಳೆದ ಗಂಡ

ಮಗಳಿಗೆಂದು ಕಟ್ಟಿಕೊಟ್ಟ ಊಟದ ಡಬ್ಬಿಯನ್ನು ಶಾಲೆಯಲ್ಲಿ ಇನ್ನೊಬ್ಬಳು ಖಾಲಿ ಮಾಡುತ್ತಿದ್ದಾಳೆಂದು ತಿಳಿದಾಗ ಎಲಿಜಬೆತ್ ಜಾಟ್ ಎಂಬ ತಾಯಿ ನೇರವಾಗಿ ಆ ಹುಡುಗಿಯ ತಂದೆ ಇರುವಲ್ಲಿಗೇ ಹೋಗಿ ದಬಾಯಿಸುತ್ತಾಳೆ. ಆತ ಟೆಲಿವಿಷನ್ ನಿಲಯವೊಂದರ ಕಾರ್ಯಕ್ರಮ ನಿರ್ಮಾಪಕ. ಬೈಸಿಕೊಳ್ಳುತ್ತಲೇ ಅವನಿಗೊಂದು ಯೋಚನೆ ಹೊಳೆಯುತ್ತದೆ. ಪಕ್ಕದ ಮಗು ಆಸೆಪಟ್ಟು ತಿನ್ನುವಷ್ಟು ರುಚಿಯಾಗಿ ಅಡುಗೆ ಮಾಡುವ, ಎದುರು ನಿಂತವರ ಬಾಯಿ ಮುಚ್ಚಿಸುವ ಈಕೆಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದರೆ ಹೇಗೆ?

ಬಾನಿ ಗಾರ್ಮಸ್ ಎಂಬ ಅಮೆರಿಕನ್ ಲೇಖಕಿಯ 'ಲೆಸನ್ಸ್ ಇನ್ ಕೆಮಿಸ್ಟ್ರಿ' ಕಾದಂಬರಿಯಲ್ಲಿ ಬರುವ ಸನ್ನಿವೇಶವಿದು. 2022ರಲ್ಲಿ ಪ್ರಕಟವಾದ ಈ ಕೃತಿ ಆಕೆಯ ಮೊದಲ ಕಾದಂಬರಿ. ಆಗ ಆಕೆಗೆ ಅರವತ್ತು ದಾಟಿತ್ತು. ಕತೆ ನಡೆಯುವುದು 1950 ಮತ್ತು 60ರ ದಶಕದ ಕ್ಯಾಲಿಫೋರ್ನಿಯಾದಲ್ಲಿ. ಜಾಟ್ ಮೂಲತಃ ರಸಾಯನಶಾಸ್ತ್ರಜ್ಞೆ. ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯದಿಂದ ಹೊರಬಿದ್ದವಳು. ಹೊಟ್ಟೆಪಾಡಿಗಾಗಿ ಕಿರುತೆರೆಯ ಅಡುಗೆಮನೆಗೆ ಬಂದವಳು ಅಲ್ಲೂ ವಿನಿಗರ್ ಅನ್ನು ಅಸಿಟಿಕ್ ಆಮ್ಲವೆಂದೇ, ಉಪ್ಪನ್ನು ಸೋಡಿಯಂ ಕ್ಲೋರೈಡ್ ಎಂದೇ ಕರೆಯುತ್ತಾಳೆ. ಮೈಗಂಟುವ ಉಡುಪು ತೊಡಲು ಒಪ್ಪುವುದಿಲ್ಲ. ನಿಲಯದ ಯಜಮಾನರಿಗೆ ಸಿಟ್ಟು, ಗೃಹಿಣಿಯರಿಗೆ ಹಿಗ್ಗು.

ಪ್ರಣಯ ಮತ್ತು ಹಾಸ್ಯ ಬೆರೆತ ಕತೆಯನ್ನು ನಿರೀಕ್ಷಿಸಿ ಪುಸ್ತಕ ತೆರೆದವರಿಗೆ ಅವೆರಡೂ ಸಿಗುತ್ತವೆ. ಪ್ರಯೋಗಾಲಯದ ಬೀಕರುಗಳಿಗಾಗಿ ಶುರುವಾದ ಜಗಳ ಪ್ರೇಮಕ್ಕೆ ತಿರುಗುವ ಭಾಗವಂತೂ ಸೊಗಸಾಗಿದೆ. ಆದರೆ ಒಂದು ಮಾತು ಗಮನಿಸಬೇಕು. ನಾಯಕಿ ಅಡುಗೆಯ ಕಾರ್ಯಕ್ರಮಕ್ಕೆ ಕಾಲಿಡುವ ಎಷ್ಟೋ ಮೊದಲೇ ಅವಳ ಪ್ರಿಯಕರ ಅಪಘಾತದಲ್ಲಿ ಸತ್ತಿರುತ್ತಾನೆ. ಕ್ಯಾಮೆರಾದ ಮುಂದೆ ಅವಳು ಒಂಟಿ. ಹೆಣ್ಣೊಬ್ಬಳು ಅಡುಗೆಯಿಂದ ಹೆಸರು ಮಾಡುವ ಕತೆಯಲ್ಲಿ ಗಂಡನನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಕಾದಂಬರಿಕಾರರಿಗೆ ಸುಲಭದ ಪ್ರಶ್ನೆಯಲ್ಲ. ಒಂದೋ ಅವನು ಸಾಯಬೇಕು, ಇಲ್ಲವೇ ಕೈಕೊಡಬೇಕು. 1983ರಲ್ಲಿ ಬಂದ ನೋರಾ ಎಫ್ರಾನ್ ಅವರ 'ಹಾರ್ಟ್‌ಬರ್ನ್' ಕಾದಂಬರಿಯಲ್ಲಿ ಎರಡನೆಯದು ನಡೆಯುತ್ತದೆ. ಅಡುಗೆ ಪುಸ್ತಕ ಬರೆದು ಹೆಸರಾದ ರೇಚಲ್, ಏಳು ತಿಂಗಳ ಗರ್ಭಿಣಿಯಾಗಿರುವಾಗ ಗಂಡ ಬೇರೊಬ್ಬಳನ್ನು ಪ್ರೀತಿಸುತ್ತಿರುವುದನ್ನು ಕಂಡುಕೊಳ್ಳುತ್ತಾಳೆ. ಎಫ್ರಾನ್ ತಮ್ಮದೇ ಮುರಿದ ದಾಂಪತ್ಯವನ್ನು ಕತೆಯಾಗಿಸಿದ್ದರು. ನಡುನಡುವೆ ಅಡುಗೆಯ ವಿಧಾನಗಳು, ಕೊನೆಗೆ ಗಂಡನ ಮುಖಕ್ಕೇ ಒಂದು ಪೈ. ನಗು ಬರುತ್ತದೆ, ಆದರೆ ಹೊಟ್ಟೆಯುರಿದ ನಗು.

ಕಿರುತೆರೆಯ ಅಡುಗೆಮನೆಯ ನಿಜವಾದ ಚರಿತ್ರೆಯಲ್ಲಿ ಮಾತ್ರ ಕಾದಂಬರಿಕಾರರು ಬರೆಯಲು ಅಂಜುವ ಮೂರನೆಯ ಬಗೆಯ ಗಂಡನೊಬ್ಬ ಸಿಗುತ್ತಾನೆ.

ಆ ಚರಿತ್ರೆ ಎಲ್ಲರೂ ಎಣಿಸುವುದಕ್ಕಿಂತ ಹಳೆಯದು. ಲಂಡನ್ನಿನ ಬಿ.ಬಿ.ಸಿ. 1937ರ ಜನವರಿಯಲ್ಲೇ ಮಾರ್ಸೆಲ್ ಬೂಲೆಸ್ತಾಂ ಎಂಬ ಫ್ರೆಂಚ್ ಬಾಣಸಿಗನಿಂದ ಆಮ್ಲೆಟ್ ಮಾಡಿಸಿ ತೋರಿಸಿತ್ತು. ಮನೆಗಳಲ್ಲಿ ಟೆಲಿವಿಷನ್ ಪೆಟ್ಟಿಗೆಗಳೇ ವಿರಳವಾಗಿದ್ದ ಕಾಲವದು. ಯುದ್ಧ ಮುಗಿದ ಮೇಲೆ 1946ರಲ್ಲಿ ಅದೇ ಬಿ.ಬಿ.ಸಿ.ಯಲ್ಲಿ ಫಿಲಿಪ್ ಹಾರ್ಬೆನ್, ಅಮೆರಿಕದ ಎನ್.ಬಿ.ಸಿ.ಯಲ್ಲಿ ಜೇಮ್ಸ್ ಬಿಯರ್ಡ್ ಅಡುಗೆಯ ಕಾರ್ಯಕ್ರಮ ಆರಂಭಿಸಿದರು. ಬ್ರಿಟನ್ನಿನಲ್ಲಿ ಆಗಲೂ ಪಡಿತರ ಪದ್ಧತಿ. ಒಬ್ಬೊಬ್ಬರಿಗೆ ಬೆಣ್ಣೆ ಇಷ್ಟು, ಮಾಂಸ ಇಷ್ಟು ಎಂಬ ಲೆಕ್ಕ. ನೋಡುವವರ ಬಾಯಲ್ಲಿ ನೀರೂರಿಸುವುದೇ ಆ ದಿನಗಳಲ್ಲಿ ಒಂದು ಬಗೆಯ ಕ್ರೌರ್ಯ.

ಆಮೇಲೆ ಬಂದವರು ಫ್ಯಾನಿ ಮತ್ತು ಜಾನಿ ಕ್ರ್ಯಾಡಕ್ ಜೋಡಿ. 1955ರಿಂದ ಬ್ರಿಟಿಷ್ ಕಿರುತೆರೆಯಲ್ಲಿ ಇವರದೇ ದರ್ಬಾರು. ಫ್ಯಾನಿ ಔತಣಕೂಟಕ್ಕೆ ಹೊರಟವಳಂತೆ ಉದ್ದನೆಯ ಗೌನು ತೊಟ್ಟು ಒಲೆಯ ಮುಂದೆ ನಿಲ್ಲುತ್ತಿದ್ದಳು. ಜಾನಿ ಒಂಟಿಗಣ್ಣಿನ ಕನ್ನಡಕ ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಂತು ಅವಳಿಂದ ಗದರಿಸಿಕೊಳ್ಳುತ್ತಿದ್ದ. ಗಂಡನನ್ನು ಲೋಕದೆದುರು ಬೈಯುವ ಹೆಂಡತಿ ಎಂಬ ನಗೆಯ ಸರಕು ಯಾವ ದೇಶದಲ್ಲೂ ಮಾರಾಟವಾಗುತ್ತದೆ. ಸ್ವಾರಸ್ಯವೆಂದರೆ, ತೆರೆಯ ಮೇಲೆ ಇಷ್ಟು ವರ್ಷ ಸಂಸಾರ ಮಾಡಿದ ಇವರು ಮದುವೆ ನೋಂದಾಯಿಸಿಕೊಂಡದ್ದು 1977ರಲ್ಲಿ! ಫ್ಯಾನಿ ಪ್ರಣಯ ಕಾದಂಬರಿಗಳನ್ನೂ ಬರೆದಿದ್ದಳು. ಆದರೆ 1976ರಲ್ಲಿ ಡೆವನ್ ಸೀಮೆಯ ರೈತ ಮಹಿಳೆಯೊಬ್ಬರು ಔತಣವೊಂದಕ್ಕೆ ಯೋಚಿಸಿದ್ದ ಅಡುಗೆಯ ಪಟ್ಟಿ ಕೇಳಿ ಕ್ಯಾಮೆರಾದ ಮುಂದೆಯೇ ವಾಕರಿಸುವಂತೆ ಮುಖ ಮಾಡಿದಳು. ನೋಡಿದವರು ಸಿಡಿದೆದ್ದರು. ಅಷ್ಟು ದಿನ ಗಂಡನ ಮೇಲಿನ ದರ್ಪವನ್ನು ನಕ್ಕು ಸಹಿಸಿದ್ದ ಜನ, ಬಡಪಾಯಿಯೊಬ್ಬಳ ಮೇಲೆ ಅದೇ ದರ್ಪ ತಿರುಗಿದಾಗ ಸಹಿಸಲಿಲ್ಲ. ಅಲ್ಲಿಗೆ ಅವಳ ಕಿರುತೆರೆಯ ಕಾಲ ಬಹುಮಟ್ಟಿಗೆ ಮುಗಿಯಿತು.

ಮೂರನೆಯ ಬಗೆಯ ಗಂಡ ಸಿಗುವುದು ಅಟ್ಲಾಂಟಿಕ್‌ನ ಆಚೆ ದಡದಲ್ಲಿ. ಆದರೆ ಆ ಕತೆ ಶುರುವಾದದ್ದು ನಮಗೆ ತೀರ ಹತ್ತಿರದಲ್ಲಿ, ಸಿಂಹಳದ ಕ್ಯಾಂಡಿಯಲ್ಲಿ.

ಜೂಲಿಯಾ ಮೆಕ್‌ವಿಲಿಯಮ್ಸ್ ಕ್ಯಾಲಿಫೋರ್ನಿಯಾದ ಸ್ಥಿತಿವಂತರ ಮಗಳು. ಹುಟ್ಟಿದ್ದು 1912ರ ಆಗಸ್ಟ್ 15ರಂದು. ಎತ್ತರ ಆರು ಅಡಿ ಎರಡು ಅಂಗುಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಓ.ಎಸ್.ಎಸ್. ಸೇರಿದಳು. ಕಡಲಿಗೆ ಬಿದ್ದ ಸೈನಿಕರ ಬಳಿ ಶಾರ್ಕ್ ಮೀನುಗಳು ಸುಳಿಯದಂತೆ ತಡೆಯುವ ಮಿಶ್ರಣ ತಯಾರಿಸುವ ವಿಭಾಗದಲ್ಲೂ ಸ್ವಲ್ಪ ಕಾಲ ಕೆಲಸ ಮಾಡಿದಳು. ಯಾರೂ ತಿನ್ನಲಾಗದ್ದನ್ನು ಬೇಯಿಸುವುದರಿಂದ ಅಡುಗೆಯ ವೃತ್ತಿ ಆರಂಭಿಸಿದವರು ಬೇರೆ ಯಾರಾದರೂ ಇದ್ದಾರೆಯೇ! 1944ರಲ್ಲಿ ಹಡಗಿನಲ್ಲಿ ಮುಂಬಯಿಗೆ ಬಂದಿಳಿದು ಅಲ್ಲಿಂದ ಕ್ಯಾಂಡಿಗೆ ಹೋದಳು. ಲಾರ್ಡ್ ಮೌಂಟ್‌ಬ್ಯಾಟನ್ನರ ಸೇನಾ ಕೇಂದ್ರ ಆಗಷ್ಟೇ ಅಲ್ಲಿಗೆ ಬಂದಿತ್ತು. ಗುಪ್ತ ಕಡತಗಳನ್ನು ನೋಡಿಕೊಳ್ಳುವುದು ಅವಳ ಕೆಲಸ.

ಪಾಲ್ ಚೈಲ್ಡ್ ಪರಿಚಯವಾದದ್ದು ಅಲ್ಲಿ. ಅವಳಿಗಿಂತ ಹತ್ತು ವರ್ಷ ದೊಡ್ಡವನು, ಎತ್ತರದಲ್ಲಿ ಚಿಕ್ಕವನು. ಚಿತ್ರಕಾರ, ಛಾಯಾಗ್ರಾಹಕ, ನಾಲಗೆಯ ರುಚಿ ಬಲ್ಲವನು. ಸೇನಾಧಿಕಾರಿಗಳಿಗೆ ನಕ್ಷೆಗಳನ್ನೂ ಸಮಾಲೋಚನಾ ಕೊಠಡಿಗಳನ್ನೂ ಅಣಿಗೊಳಿಸುವುದಕ್ಕಾಗಿ ಬಂದಿದ್ದ. ಜೂಲಿಯಾಗೆ ಅಡುಗೆಯ ಗಂಧವೇ ಇರಲಿಲ್ಲ. ಮೊದಲ ನೋಟಕ್ಕೆ ಪ್ರೇಮವೂ ಹುಟ್ಟಲಿಲ್ಲ. ಇಬ್ಬರಿಗೂ ಚೀನಾದ ಕುನ್‌ಮಿಂಗ್‌ಗೆ ವರ್ಗವಾಗಿ, ಅಲ್ಲಿ ಒಟ್ಟಿಗೆ ಉಣ್ಣುತ್ತ ತಿರುಗಾಡುತ್ತ ನಿಧಾನಕ್ಕೆ ಬೆಳೆದ ಸ್ನೇಹ ಅದು. 1946ರ ಸೆಪ್ಟೆಂಬರ್ 1ರಂದು ಮದುವೆ. ಹಿಂದಿನ ದಿನ ಕಾರು ಅಪಘಾತವಾಗಿ ವಧು ತಲೆಗೆ ಬ್ಯಾಂಡೇಜ್ ಕಟ್ಟಿಕೊಂಡೇ ಬಂದಿದ್ದಳು. ಗಂಡನನ್ನು ಮೆಚ್ಚಿಸಲು ಕರುವಿನ ಮಿದುಳನ್ನು ಕೆಂಪು ವೈನಿನಲ್ಲಿ ಬೇಯಿಸಿ ಬಡಿಸಿದ್ದಳಂತೆ. ನೋಡಲೂ ಆಗದ, ತಿನ್ನಲೂ ಆಗದ ವಸ್ತುವಾಗಿತ್ತು ಅದು ಎಂದು ಮುಂದೆ ತಾನೇ ಹೇಳಿಕೊಂಡು ನಗುತ್ತಿದ್ದಳು.

1948ರಲ್ಲಿ ಪಾಲ್‌ಗೆ ಪ್ಯಾರಿಸ್ಸಿನ ರಾಯಭಾರ ಕಚೇರಿಯಲ್ಲಿ ಹುದ್ದೆ ಸಿಕ್ಕಿತು. ಹಡಗಿಳಿದು ಪ್ಯಾರಿಸ್ಸಿಗೆ ಹೋಗುವ ದಾರಿಯಲ್ಲಿ ರೂಆಂ ಪಟ್ಟಣದ ಹೋಟೆಲೊಂದರಲ್ಲಿ ತಿಂದ, ಬೆಣ್ಣೆಯಲ್ಲಿ ಹುರಿದ ಮೀನು ಮೂವತ್ತಾರು ವರ್ಷದ ಜೂಲಿಯಾಳ ಬದುಕನ್ನೇ ತಿರುಗಿಸಿತು. ಮರುವರ್ಷ 'ಕಾರ್ಡಾನ್ ಬ್ಲೂ' ಪಾಕಶಾಲೆಗೆ ಸೇರಿದಳು. ಮುಂದೆ ಸಿಮೋನ್ ಬೆಕ್ ಮತ್ತು ಲೂಯಿಸೆತ್ ಬೆರ್ತೋಲ್ ಎಂಬ ಇಬ್ಬರು ಫ್ರೆಂಚ್ ಗೆಳತಿಯರೊಂದಿಗೆ ಅಮೆರಿಕನ್ ಗೃಹಿಣಿಯರಿಗಾಗಿ ಫ್ರೆಂಚ್ ಅಡುಗೆಯ ಪುಸ್ತಕ ಬರೆಯಲು ಕುಳಿತಳು. ಒಪ್ಪಿಕೊಂಡಿದ್ದ ಪ್ರಕಾಶಕರು ಕೊನೆಗೆ ಕೈಬಿಟ್ಟರು. ಬೇರೆ ಪ್ರಕಾಶಕರಿಂದ 1961ರಲ್ಲಿ ಹೊರಬಂದ ಆ ಪುಸ್ತಕ ಏಳುನೂರು ಪುಟ ಮೀರಿತ್ತು.

ಈ ನಡುವೆ ಪಾಲ್‌ನ ಉದ್ಯೋಗ ಹೇಗಿತ್ತು? ಹೇಳಿಕೊಳ್ಳುವಂತೇನೂ ಇರಲಿಲ್ಲ. 1955ರಲ್ಲಿ ಜರ್ಮನಿಯಲ್ಲಿದ್ದಾಗ ವಾಷಿಂಗ್ಟನ್ನಿಗೆ ತಕ್ಷಣ ಬರುವಂತೆ ಕರೆ ಬಂತು. ಬಡ್ತಿ ಇರಬೇಕೆಂದು ಗಂಡಹೆಂಡತಿ ಸಂಭ್ರಮಪಟ್ಟರು. ಹೋಗಿ ನೋಡಿದರೆ ವಿಚಾರಣೆ. ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ಕಾಲ. ಅವನ ನಿಷ್ಠೆಯನ್ನು, ಗೆಳೆಯರನ್ನು, ಕೊನೆಗೆ ಗಂಡಸುತನವನ್ನೂ ಪ್ರಶ್ನಿಸಿದರು. ನಿರ್ದೋಷಿ ಎಂದು ಬಿಟ್ಟರು, ನಿಜ. ಆದರೆ ಅವಮಾನಕ್ಕೆ ಕ್ಷಮಾಪಣೆ ಪತ್ರ ಪರಿಹಾರವಲ್ಲ. ಇದರ ಮರುವರ್ಷವೇ, 1956ರಲ್ಲಿ, ಈ ದಂಪತಿ ಗೆಳೆಯರಿಗೆ ಕಳಿಸಿದ ಶುಭಾಶಯ ಪತ್ರ ಈಗ ಪ್ರಸಿದ್ಧ. ಕ್ರಿಸ್‌ಮಸ್‌ಗೆ ಪತ್ರ ಕಳಿಸಲು ಎಂದೂ ಸಮಯಕ್ಕೆ ಆಗದ್ದರಿಂದ ಇವರು ಪ್ರೇಮಿಗಳ ದಿನಕ್ಕೆ ಕಳಿಸುತ್ತಿದ್ದರು. ಆ ವರ್ಷದ ಚಿತ್ರದಲ್ಲಿ ಇಬ್ಬರೂ ಸ್ನಾನದ ತೊಟ್ಟಿಯಲ್ಲಿ ನೊರೆಯ ನಡುವೆ ಕುಳಿತಿದ್ದಾರೆ. ಸರ್ಕಾರದ ವಿಚಾರಣೆಗೆ ಇದಕ್ಕಿಂತ ಒಳ್ಳೆಯ ಉತ್ತರ ಹೊಳೆಯುವುದು ಕಷ್ಟ.

ನೌಕರಿ ಬಿಟ್ಟು ಪಾಲ್ 1961ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಮನೆ ಮಾಡಿದ. ಮರುವರ್ಷ ಬಾಸ್ಟನ್ನಿನ ಸಾರ್ವಜನಿಕ ಟೆಲಿವಿಷನ್ ನಿಲಯ ಡಬ್ಲ್ಯು.ಜಿ.ಬಿ.ಎಚ್. ತನ್ನ ಪುಸ್ತಕ ಪರಿಚಯದ ಕಾರ್ಯಕ್ರಮಕ್ಕೆ ಜೂಲಿಯಾಳನ್ನು ಕರೆಯಿತು. ಈಕೆ ಬರಿಗೈಯಲ್ಲಿ ಹೋಗಲಿಲ್ಲ. ಒಂದು ವಿದ್ಯುತ್ ಒಲೆ, ಬಾಣಲೆ, ಮೊಟ್ಟೆಗಳನ್ನು ಹೊತ್ತೊಯ್ದು ಆಮ್ಲೆಟ್ ಮಾಡಿ ತೋರಿಸಿದಳು. ಈ ಹೆಂಗಸನ್ನು ಮತ್ತೆ ಕರೆಸಿ ಎಂದು 27 ಪತ್ರಗಳು ಬಂದವು. ನಿಲಯದವರಿಗೆ ಅಷ್ಟೇ ಸಾಕಾಯಿತು. 1963ರ ಫೆಬ್ರುವರಿ 11ರಂದು 'ದ ಫ್ರೆಂಚ್ ಷೆಫ್' ಪ್ರಸಾರ ಆರಂಭವಾಯಿತು.

ನಿಲಯದ ಸ್ಟುಡಿಯೋ ಬೆಂಕಿಗೆ ಆಹುತಿಯಾಗಿತ್ತು. ಆದ್ದರಿಂದ ವಿದ್ಯುತ್ ಕಂಪನಿಯವರು ಒಲೆಗಳ ಪ್ರದರ್ಶನಕ್ಕೆಂದು ಇಟ್ಟುಕೊಂಡಿದ್ದ ಅಡುಗೆಮನೆಯೇ ಸ್ಟುಡಿಯೋ ಆಯಿತು. ಅಲ್ಲಿಗೆ ಸಾಮಾನು ಸಾಗಿಸಲು ಕಟ್ಟಡದ ಹೊರಗಿನ ಬೆಂಕಿ ಮೆಟ್ಟಿಲನ್ನು ಹತ್ತಬೇಕು. ಚಳಿಗಾಲದ ಬೆಳಗ್ಗೆ ಆ ಮೆಟ್ಟಿಲ ಮೇಲಿನ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕುತ್ತಿದ್ದವನು ಪಾಲ್. ಹಂಡೆ, ಬಾಣಲೆ, ತರಕಾರಿ, ಮಾಂಸ ಎಲ್ಲವನ್ನೂ ಹೊತ್ತು ಮೇಲಕ್ಕೆ ಸಾಗಿಸುತ್ತಿದ್ದವನೂ ಅವನೇ. ಅರವತ್ತು ತುಂಬಿದ, ದೇಶದೇಶಗಳಲ್ಲಿ ಕಲಾ ಪ್ರದರ್ಶನಗಳನ್ನು ಏರ್ಪಡಿಸಿದ್ದ ಮಾಜಿ ಅಧಿಕಾರಿ ಚಿತ್ರೀಕರಣ ಮುಗಿದ ಮೇಲೆ ಪಾತ್ರೆ ತೊಳೆಯಲು ನಿಲ್ಲುತ್ತಿದ್ದ.

ಕಿರುತೆರೆಯ ಅಡುಗೆಯ ಗುಟ್ಟು ಇಲ್ಲಿದೆ. ಮೂರು ಗಂಟೆ ಬೇಯಬೇಕಾದ ಮಾಂಸವನ್ನು ಅರ್ಧ ಗಂಟೆಯಲ್ಲಿ ತೋರಿಸಬೇಕಾದರೆ ಹಸಿಯದೊಂದು, ಅರೆಬೆಂದದ್ದೊಂದು, ಪೂರ್ತಿ ಬೆಂದದ್ದೊಂದು ಮೊದಲೇ ಸಿದ್ಧವಿರಬೇಕು. ಒಂದು ಬಾಣಲೆ ಕೆಳಗಿಳಿದು ಇನ್ನೊಂದು ಮೇಲೇರಬೇಕು. ತೆರೆಯ ಮೇಲೆ ಒಬ್ಬಳು ಅಡುಗೆ ಮಾಡುತ್ತಾಳೆ, ತೆರೆಯ ಹಿಂದೆ ಅದೇ ಅಡುಗೆ ಮೂರು ಸಲ ಆಗುತ್ತದೆ. ಮನೆಗಳಲ್ಲಿ ಹೆಂಗಸರು ಮಾಡುತ್ತ ಬಂದ ಕಾಣದ ದುಡಿಮೆಯೇ ಇಲ್ಲೂ ಇತ್ತು. ವ್ಯತ್ಯಾಸವೆಂದರೆ ಅದರ ಒಂದು ದೊಡ್ಡ ಪಾಲು ಈ ಬಾರಿ ಗಂಡನ ಹೆಗಲಿಗೆ ಬಿದ್ದಿತ್ತು.

ಚಿತ್ರೀಕರಣವೂ ಈಗಿನಂತಲ್ಲ. ಕ್ಯಾಮೆರಾ ಒಮ್ಮೆ ಓಡಲಾರಂಭಿಸಿದರೆ ಅರ್ಧ ಗಂಟೆ ಮುಗಿಯುವವರೆಗೆ ನಿಲ್ಲಿಸುವಂತಿರಲಿಲ್ಲ. ನಿರ್ದೇಶಕ ರಸೆಲ್ ಮೊರಾಶ್‌ಗೆ ತಪ್ಪನ್ನು ಕತ್ತರಿಸಿ ಜೋಡಿಸುವ ಸೌಕರ್ಯವಿರಲಿಲ್ಲ. ಎದುರಿಗೆ ಹಿಡಿಯುತ್ತಿದ್ದ ಫಲಕಗಳಲ್ಲಿ ಮುಂದಿನ ಕೆಲಸದ ಜೊತೆಗೆ ಮುಖದ ಬೆವರು ಒರೆಸಿಕೊಳ್ಳುವ ಸೂಚನೆಯೂ ಇರುತ್ತಿತ್ತು. ಹೀಗಾಗಿಯೇ ಆಲೂಗೆಡ್ಡೆಯ ದೋಸೆಯಂಥ ತಿನಿಸೊಂದನ್ನು ಬಾಣಲೆಯಲ್ಲೇ ಹಾರಿಸಿ ಮಗುಚಲು ಹೋಗಿ ಅರ್ಧ ಒಲೆಯ ಮೇಲೆ ಬಿದ್ದಾಗ, ಜೂಲಿಯಾ ಅದನ್ನು ಬಳಿದು ಬಾಣಲೆಗೆ ಹಾಕಿ, ಅಡುಗೆಮನೆಯಲ್ಲಿ ಒಬ್ಬರೇ ಇರುವಾಗ ಯಾರು ನೋಡುತ್ತಾರೆ ಎಂದು ಧೈರ್ಯ ಹೇಳಿ ಮುಂದುವರಿದಳು. ಲಕ್ಷಾಂತರ ಮಂದಿ ನೋಡುತ್ತಿದ್ದರು! ಜನರ ಬಾಯಲ್ಲಿ ಈ ಘಟನೆ ಬೆಳೆದು, ಆಲೂಗೆಡ್ಡೆ ಹೋಗಿ ಕೋಳಿಯಾಯಿತು, ಒಲೆ ಹೋಗಿ ನೆಲವಾಯಿತು. ನೆಲಕ್ಕೆ ಬಿದ್ದ ಕೋಳಿಯನ್ನು ಎತ್ತಿ ಬಡಿಸಿದಳೆಂಬ ಕತೆಯನ್ನು ಕಣ್ಣಾರೆ ಕಂಡೆವೆನ್ನುವವರು ಅಮೆರಿಕದಲ್ಲಿ ಎಷ್ಟೋ ಮಂದಿ. ಅಂಥ ಸಂಚಿಕೆಯೇ ಇಲ್ಲ.

ನಾಯಕಿ ಗೆದ್ದಾಗ ನಾಯಕನ ಅಭಿಮಾನಕ್ಕೆ ಪೆಟ್ಟು ಬೀಳುತ್ತದೆ, ಜಗಳವಾಗುತ್ತದೆ, ಕೊನೆಯ ಅಧ್ಯಾಯದಲ್ಲಿ ರಾಜಿಯಾಗುತ್ತದೆ. ಪ್ರಣಯ ಹಾಸ್ಯದ ಸಿದ್ಧ ಅಚ್ಚು ಇದು. ಪಾಲ್ ಚೈಲ್ಡ್ ಈ ಅಚ್ಚಿಗೆ ಹೊಂದುವುದಿಲ್ಲ. ಅವನು ಮುಂಗೋಪಿ, ಹಟವಾದಿ, ಜನಜಂಗುಳಿ ಕಂಡರೆ ಆಗದವನು. ದೇವತಾಮನುಷ್ಯನೇನೂ ಅಲ್ಲ. ಆದರೆ ಹೆಂಡತಿಯ ಹೆಸರಿನ ಮುಂದೆ ತನ್ನ ಹೆಸರು ಮಸುಕಾಗುವುದನ್ನು ಸೋಲೆಂದು ಅವನು ಎಣಿಸಿದಂತಿಲ್ಲ. ಬಹುಶಃ ಆ ವಿಚಾರಣೆಯ ಕೊಠಡಿಯಲ್ಲಿ ಗಂಡಸಿನ ಪ್ರತಿಷ್ಠೆಯ ಬೆಲೆ ಎಷ್ಟೆಂದು ಅವನಿಗೆ ಗೊತ್ತಾಗಿಹೋಗಿತ್ತು. 1966ರಲ್ಲಿ ಜೂಲಿಯಾಗೆ ಎಮಿ ಪ್ರಶಸ್ತಿ ಬಂತು. ಅದೇ ವರ್ಷ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಅವಳ ಚಿತ್ರ ಬಂತು. ಕಾರ್ಯಕ್ರಮ 1973ರವರೆಗೆ ನಡೆಯಿತು.

ಈ ಗಂಡನನ್ನು ಕತೆಯೊಳಗೆ ತಂದವರು, ವಿಚಿತ್ರವೆಂದರೆ, ಕೈಕೊಟ್ಟ ಗಂಡನ ಕತೆ ಬರೆದಿದ್ದ ಅದೇ ನೋರಾ ಎಫ್ರಾನ್. 2009ರಲ್ಲಿ ಅವರು ನಿರ್ದೇಶಿಸಿದ 'ಜೂಲಿ ಅಂಡ್ ಜೂಲಿಯಾ' ಚಿತ್ರದಲ್ಲಿ ಜೂಲಿಯಾಳಾಗಿ ಮೆರಿಲ್ ಸ್ಟ್ರೀಪ್, ಪಾಲ್ ಆಗಿ ಸ್ಟ್ಯಾನ್ಲಿ ಟೂಚಿ ನಟಿಸಿದ್ದಾರೆ. 1986ರಲ್ಲಿ 'ಹಾರ್ಟ್‌ಬರ್ನ್' ಚಲನಚಿತ್ರವಾದಾಗ ಮೋಸಹೋದ ರೇಚಲ್‌ಳ ಪಾತ್ರ ಮಾಡಿದ್ದವರೂ ಸ್ಟ್ರೀಪ್ ಅವರೇ. 2012ರಲ್ಲಿ ತೀರಿಕೊಂಡ ಎಫ್ರಾನ್ ನಿರ್ದೇಶಿಸಿದ ಕೊನೆಯ ಚಿತ್ರ ಇದು. ಗಂಡ ಸತ್ತೂ ಹೋಗದ, ಓಡಿಯೂ ಹೋಗದ ಅಡುಗೆಯ ಕತೆಯನ್ನು ಹೇಳಲು ಅವರಿಗೆ 26 ವರ್ಷ ಬೇಕಾಯಿತು.

1970ರ ದಶಕದ ನಡುವಿನಿಂದ ಪಾಲ್‌ನ ಆರೋಗ್ಯ ಕೆಟ್ಟಿತು. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಮಾತು ತಡವರಿಸತೊಡಗಿತು, ನೆನಪು ಕೈಕೊಡತೊಡಗಿತು. ಆಮೇಲೂ ಅನೇಕ ವರ್ಷ ಜೂಲಿಯಾ ಹೋದಲ್ಲೆಲ್ಲ ಅವನನ್ನು ಕರೆದೊಯ್ಯುತ್ತಿದ್ದಳು. 1994ರಲ್ಲಿ ಅವನು ತೀರಿಕೊಂಡ. 2001ರಲ್ಲಿ ಅವಳು ಕೇಂಬ್ರಿಜ್‌ನ ಮನೆ ಬಿಡುವಾಗ ತನ್ನ ಅಡುಗೆಮನೆಯನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟಳು. 2004ರ ಆಗಸ್ಟ್ 13ರಂದು, ತೊಂಬತ್ತೆರಡು ತುಂಬಲು ಎರಡು ದಿನವಿರುವಾಗ, ಕಣ್ಣು ಮುಚ್ಚಿದಳು.

ಆ ಅಡುಗೆಮನೆಯ ಕಟ್ಟೆ ಸಾಮಾನ್ಯ ಕಟ್ಟೆಗಳಿಗಿಂತ ಎರಡು ಅಂಗುಲ ಎತ್ತರ. ಆರಡಿ ಮೀರಿದ ಹೆಂಡತಿ ಬಗ್ಗಿ ಬೆನ್ನು ನೋಯಿಸಿಕೊಳ್ಳಬಾರದೆಂದು ಹಾಗೆ ಮಾಡಿಸಿದವನು ಪಾಲ್. ಗೋಡೆಯ ತೂತುಹಲಗೆಯ ಮೇಲೆ ಯಾವ ಪಾತ್ರೆ ಎಲ್ಲಿ ತೂಗಬೇಕೆಂದು ಒಂದೊಂದರ ಹೊರರೇಖೆಯನ್ನೂ ಅವನೇ ಬರೆದಿದ್ದ. ತಾಮ್ರದ ಪಾತ್ರೆಗಳೂ ಅವು ತೂಗುತ್ತಿದ್ದ ಹಲಗೆಯೂ ಮೊದಲು ಕ್ಯಾಲಿಫೋರ್ನಿಯಾದ ಬೇರೊಂದು ಸಂಗ್ರಹಾಲಯಕ್ಕೆ ಹೋಗಿದ್ದವು. ಅದು ಮುಚ್ಚಿಹೋದ ಮೇಲೆ, 2009ರಲ್ಲಿ, ಉಳಿದ ಅಡುಗೆಮನೆಯ ಜೊತೆಗೆ ಅವನ್ನೂ ತಂದು ಸೇರಿಸಲಾಯಿತು.